ಸತ್ತವನನ್ನು ಬದುಕಿಸಲು 50 ಡಾಲರ್

ಎಡ್ಮಂಟನ್‌ನಲ್ಲಿ ಚಳಿಗಾಲ ಬಂದರೆ ಜನ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂರುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ಅದು ಅರ್ಧ ನಿಜ. ಉಳಿದರ್ಧ ಜನ ನಾಟಕಕ್ಕೆ ಹೋಗುತ್ತಾರೆ. ಕೆನಡಾದ ಈ ಊರಿಗೆ ನಾಟಕದ ಹುಚ್ಚು ಜಾಸ್ತಿ. ಉತ್ತರ ಅಮೆರಿಕದ ಮೊದಲ ಫ್ರಿಂಜ್, ಅಂದರೆ ಸಣ್ಣ ಸಣ್ಣ ಸ್ವತಂತ್ರ ತಂಡಗಳ ನಾಟಕೋತ್ಸವ ಶುರುವಾಗಿದ್ದು ಇಲ್ಲೇ, 1982ರಲ್ಲಿ. ಅದು ಆಗಸ್ಟ್ ತಿಂಗಳ ಬಿಸಿಲಿನ ಜಾತ್ರೆ. ನಾನು ಹೇಳಹೊರಟಿದ್ದು ಮೈನಸ್ 25 ಡಿಗ್ರಿಯಲ್ಲಿ ನೋಡಿದ ಇನ್ನೊಂದು ಹುಚ್ಚಿನ ಬಗ್ಗೆ.

ಓಲ್ಡ್ ಸ್ಟ್ರಾತ್‌ಕೋನಾ ಅನ್ನುವ ಹಳೇ ಬಡಾವಣೆಯ ಒಂದು ಪುಟ್ಟ ರಂಗಮಂದಿರ. ಶುಕ್ರವಾರ ಸಂಜೆ 7ಕ್ಕೆ ಶುರುವಾದ ನಾಟಕ ಮುಗಿಯುವುದು ಶನಿವಾರ ಸಂಜೆ 7ಕ್ಕೆ. ಬರೆದ ಸಾಲು ಒಂದೂ ಇಲ್ಲ. ತಾಲೀಮೂ ಇಲ್ಲ. ಇಂಪ್ರಾವ್ ಅಂದರೆ ಹಾಗೇ, ಆ ಕ್ಷಣಕ್ಕೆ ಬಾಯಿಗೆ ಬಂದದ್ದೇ ಮಾತು, ಎದುರಿಗಿರುವವರು ಏನಂದರೋ ಅದೇ ಕತೆ. ಬಂದ ದುಡ್ಡೆಲ್ಲ ಊರಿನ ಫುಡ್ ಬ್ಯಾಂಕಿಗೆ, ಅಂದರೆ ಕೈ ಖಾಲಿಯಾದವರಿಗೆ ಪುಕ್ಕಟೆ ದಿನಸಿ ಹಂಚುವ ಸಂಸ್ಥೆಗೆ. ನನ್ನ ಆಫೀಸಿನ ಗೆಳೆಯನೊಬ್ಬ ಅಲ್ಲಿ ಲೈಟ್ ನೋಡಿಕೊಳ್ಳುತ್ತಾನೆ. "ಒಂದು ಗಂಟೆ ಕೂತು ಎದ್ದು ಹೋಗು, ಸಾಕು" ಅಂದಿದ್ದ. ನಾನು ಕಂಬಳಿ ಹೊತ್ತುಕೊಂಡು ಹೋದೆ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಅಲ್ಲೂ ಅರ್ಥಧಾರಿಗಳು ಮಾತನ್ನು ಅಲ್ಲೇ ಹುಟ್ಟಿಸುತ್ತಾರೆ, ಅದೂ ರಾತ್ರಿಯಿಡೀ. ಆದರೆ ಕರ್ಣ ಕೊನೆಗೆ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ದಾರಿ ತಪ್ಪದಂತೆ ಭಾಗವತರ ಪದ್ಯವೂ ಇರುತ್ತದೆ. ಇಲ್ಲಿ ಕರ್ಣ ಯಾರು ಅನ್ನುವುದೇ ಇನ್ನೂ ಗೊತ್ತಿಲ್ಲ. ಇರುವುದು ಒಂದು ಜಾಗ, ಒಂದಷ್ಟು ಪಾತ್ರಗಳ ಹೆಸರು. ಈ ಸಲ ಜಾಗ ಒಂದು ಹಳೇ ಹಡಗು. ಎರಡೆರಡು ಗಂಟೆಗೆ ಒಂದು ಕಂತು, ನಡುವೆ ಚಿಕ್ಕ ವಿರಾಮ. ರಂಗದ ಮೂಲೆಯಲ್ಲಿ ನಿರ್ದೇಶಕಿ ಮೈಕ್ ಹಿಡಿದು ನಿಂತಿರುತ್ತಾಳೆ. "ಮುಂದಿನ ದೃಶ್ಯ ಅಡುಗೆಮನೆ. ಕಪ್ತಾನನ ಹೆಂಡತಿಗೆ ಅಡುಗೆಯವನ ಗುಟ್ಟು ಗೊತ್ತಾಗಿದೆ" ಅನ್ನುತ್ತಾಳೆ. ಆ ಗುಟ್ಟು ಏನು ಅಂತ ಅಡುಗೆಯವನಿಗೇ ಗೊತ್ತಿಲ್ಲ, ಪಾಪ. ಕೀಬೋರ್ಡ್ ನುಡಿಸುವವನೂ ಲೈಟ್ ಹಾಕುವವನೂ ಇದೇ ಕತ್ತಲಲ್ಲಿ ತಡಕಾಡುವವರೇ.

ಈ ಕಲೆಗೂ ಎಡ್ಮಂಟನ್ ಇರುವ ಆಲ್ಬರ್ಟಾ ಪ್ರಾಂತ್ಯಕ್ಕೂ ಹಳೇ ನಂಟು. ಇಂಗ್ಲೆಂಡಿನಿಂದ ಬಂದ ಕೀತ್ ಜಾನ್‌ಸ್ಟನ್ 1977ರಲ್ಲಿ ಪಕ್ಕದ ಕ್ಯಾಲ್ಗರಿಯಲ್ಲಿ ಲೂಸ್ ಮೂಸ್ ತಂಡ ಕಟ್ಟಿದರು. ಕುಸ್ತಿ ನೋಡಲು ಬಂದ ಜನ ಕೂಗಾಡುವ ಹಾಗೆ ನಾಟಕಕ್ಕೆ ಬಂದವರೂ ಕೂಗಾಡಬೇಕು ಅನ್ನುವುದು ಅವರ ಆಸೆ. ಜಾಣತನ ತೋರಿಸಲು ಹೋಗಬೇಡ, ಮನಸ್ಸಿಗೆ ಮೊದಲು ಹೊಳೆದದ್ದನ್ನೇ ಹೇಳು ಅಂತ ಕಲಿಸಿದವರು. 2023ರಲ್ಲಿ ತೀರಿಕೊಂಡರು. ಎಡ್ಮಂಟನ್‌ನ ಡೈ-ನ್ಯಾಸ್ಟಿ ಅನ್ನುವ ತಂಡ 1990ರ ದಶಕದಲ್ಲೇ ಹೀಗೆ 50 ಗಂಟೆಗೂ ಮೀರಿ ಆಡಲು ಶುರುಮಾಡಿತ್ತು. ಅದರ ರುಚಿ ಕಂಡ ಇಂಗ್ಲೆಂಡಿನ ರಂಗಕರ್ಮಿ ಕೆನ್ ಕ್ಯಾಂಬೆಲ್ ಲಂಡನ್ನಿಗೂ ಅದನ್ನು ಒಯ್ದರು. ಆ ಲೆಕ್ಕದಲ್ಲಿ ನಾನು ನೋಡಿದ್ದು ಮರಿ ಮ್ಯಾರಥಾನ್.

ದುಡ್ಡು ಎತ್ತುವ ರೀತಿ ಮಾತ್ರ ಬಹಳ ಇಷ್ಟವಾಯಿತು. ಟಿಕೆಟ್ ಕೌಂಟರಿನ ಪಕ್ಕ ಒಂದು ಬೋರ್ಡ್. 5 ಡಾಲರ್ ಕೊಟ್ಟರೆ ಹಡಗಿನ ಮೇಲೆ ಮಳೆ. 10 ಕೊಟ್ಟರೆ ನೀವು ಹೇಳಿದ ನಟ ಇಡೀ ದೃಶ್ಯದಲ್ಲಿ ಬರೀ ಪ್ರಶ್ನೆಯಲ್ಲೇ ಮಾತಾಡಬೇಕು. 20ಕ್ಕೆ ಯಾರಿಗಾದರೂ ಕಳೆದುಹೋಗಿದ್ದ ಅವಳಿ ತಮ್ಮ ಸಿಗುತ್ತಾನೆ. ಸತ್ತವರನ್ನು ಬದುಕಿಸಬೇಕಾದರೆ 50. ದಾನ ಮಾಡಿ ಅಂತ ಯಾರೂ ಗೋಗರೆಯಲಿಲ್ಲ. ನಟರನ್ನು ಗೋಳು ಹೊಯ್ದುಕೊಳ್ಳುವ ಖುಷಿಗೇ ಜನ ಜೇಬು ಬಿಚ್ಚುತ್ತಿದ್ದರು.

ಮೊದಲ ಕಂತುಗಳಲ್ಲಿ ಎಲ್ಲರೂ ಚುರುಕು. ಮಾತಿಗೆ ಮಾತು, ಜೋಕಿಗೆ ಜೋಕು. ನಿಜ ಹೇಳಬೇಕಂದರೆ ಸ್ವಲ್ಪ ಬೇಸರವೂ ಬಂತು, ಒಬ್ಬರ ಜೋಕು ಮುಗಿಯುವ ಮೊದಲೇ ಇನ್ನೊಬ್ಬರದ್ದು. ಐಸ್ ಹಾಕಿ ಆಟದ ಜೋಕುಗಳಿಗಂತೂ ನಾನು ಪಕ್ಕದವರ ಮುಖ ನೋಡಿಕೊಂಡು ನಕ್ಕೆ. ಅಸಲಿ ಆಟ ಶುರುವಾಗಿದ್ದು ಮೂರು ಗಂಟೆ ರಾತ್ರಿ ಮೇಲೆ. ನಿದ್ದೆಗೆಟ್ಟ ನಟರಿಗೆ ಜಾಣತನ ತೋರಿಸುವ ತ್ರಾಣವೇ ಉಳಿದಿರಲಿಲ್ಲ. ಹಾಗಾಗಿ ಸುಮ್ನೆ ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳತೊಡಗಿದರು.

ಡಾಕ್ಟರ್ ಪಾತ್ರದವಳು ಮೊದಲ ಕಂತಿನಲ್ಲೇ ಸಮುದ್ರಕ್ಕೆ ಬಿದ್ದು ಸತ್ತಿದ್ದಳು. ನಾಲ್ಕು ಗಂಟೆಗೆ ಅದನ್ನು ಪೂರ್ತಿ ಮರೆತು ಚೀಲ ಹಿಡಿದುಕೊಂಡು ಒಳಗೆ ಬಂದುಬಿಟ್ಟಳು. "ನೀನು ಸತ್ತಿದ್ದೀಯ!" ಅಂತ ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅವಳು ನಿಂತಳು. ಒಂದು ಕಾಲಿನ ಶೂ ಲೇಸ್ ಬಿಚ್ಚಿಕೊಂಡಿತ್ತು. ಅದನ್ನೇ ನೋಡುತ್ತಾ, "ಹೌದು, ಸತ್ತಿದ್ದೆ. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು, ಮನೆ ಮಾಲೀಕ ಬಿಡಲಿಲ್ಲ" ಅಂದಳು. ಇಡೀ ಮಂದಿರ ಬಿದ್ದು ಬಿದ್ದು ನಕ್ಕಿತು. ಅಡುಗೆಯವನು ನಗಲಿಲ್ಲ. ಬಗ್ಗಿ ಅವಳ ಲೇಸ್ ಕಟ್ಟುತ್ತಾ, "ನನ್ನದು ಮೂರು ತಿಂಗಳು" ಅಂದ. ಅಲ್ಲಿಂದ ಮುಂದೆ ಹಡಗಿನ ಕತೆ ಬಾಡಿಗೆ ಕಟ್ಟಲಾಗದವರ ಕತೆಯಾಯಿತು. ಯಾರೂ ಹಾಗಂತ ಗೊತ್ತುಮಾಡಿಕೊಂಡಿರಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಓಡಿಹೋಗಿ ಅವಳ ಹೆಸರಿನಲ್ಲಿ 50 ಡಾಲರ್ ಕಟ್ಟಿ ಬಂದ, ಸಾವು ಅಧಿಕೃತವಾಗಿ ರದ್ದಾಗಲಿ ಅಂತ.

ಬಾಡಿಗೆ ಇಲ್ಲಿ ಬರೀ ಜೋಕಲ್ಲ. ಬಾಡಿಗೆ ಕಟ್ಟಿದ ಮೇಲೆ ದಿನಸಿಗೆ ದುಡ್ಡು ಸಾಲದವರೇ ಫುಡ್ ಬ್ಯಾಂಕಿನ ಮುಂದೆ ನಿಲ್ಲುವುದು. ಕೆಲಸವಿದ್ದವರೂ, ಹೊಸದಾಗಿ ಬಂದ ನಮ್ಮಂಥವರೂ ಆ ಸಾಲಿನಲ್ಲಿ ಇರುತ್ತಾರೆ. ಕೆನಡಾದ ಮೊದಲ ಫುಡ್ ಬ್ಯಾಂಕ್ ಹುಟ್ಟಿದ್ದೂ ಎಡ್ಮಂಟನ್‌ನಲ್ಲೇ, 1981ರಲ್ಲಿ. ಕಷ್ಟಕಾಲ ಕಳೆಯುವ ತನಕ ಇರಲಿ ಅಂತ ಮಾಡಿದ್ದು. 2024ರ ಮಾರ್ಚ್ ಒಂದೇ ತಿಂಗಳಲ್ಲಿ ದೇಶದ ಫುಡ್ ಬ್ಯಾಂಕುಗಳಿಗೆ ಜನ 20 ಲಕ್ಷಕ್ಕೂ ಹೆಚ್ಚು ಸಲ ಬಂದಿದ್ದಾರೆ. ಶ್ರೀಮಂತ ದೇಶ ಅಂತ ಫೋನಿನಲ್ಲಿ ಹೇಳುವಾಗ ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ರಸೀದಿಯ ವಿಷಯ ಒಂದು ತಮಾಷೆ. ದಾನಕ್ಕೆ ತೆರಿಗೆ ರಿಯಾಯಿತಿ ಇದೆ, ಆಲ್ಬರ್ಟಾದಲ್ಲಿ 2023ರಿಂದ ಮೊದಲ 200 ಡಾಲರ್‌ಗೆ ಪ್ರಾಂತ್ಯದ ಲೆಕ್ಕದಲ್ಲೇ ಶೇ 60. ಆದರೆ ಕೊಟ್ಟಿದ್ದಕ್ಕೆ ಪ್ರತಿಯಾಗಿ ನಿಮಗೇನಾದರೂ ಸಿಕ್ಕಿದರೆ ಅದರ ಬೆಲೆಯನ್ನು ಕಳೆಯಬೇಕು. ಟಿಕೆಟ್ಟಿಗೆ ಬದಲಾಗಿ ನಾಟಕ ಸಿಕ್ಕಿತು, ಸರಿ. ಸತ್ತ ಡಾಕ್ಟರನ್ನು ಬದುಕಿಸಿದ್ದರ ಬೆಲೆ ಎಷ್ಟು? ಕೌಂಟರಿನಲ್ಲಿದ್ದ ಅಜ್ಜಿಗೆ ಕೇಳಿದೆ. "ಅದು ಅವಳ ಲಾಭ, ನಿನ್ನದಲ್ಲ" ಅಂತ ಹೇಳಿ ಮುಂದಿನವರನ್ನು ಕರೆದರು.

ಮಾರನೆಯ ವಾರ ಗೆಳೆಯ ಹೊಸಬರ ಇಂಪ್ರಾವ್ ಕ್ಲಾಸಿಗೆ ಬಾ ಅಂತ ಗಂಟುಬಿದ್ದ. ಅದು ನನ್ನಿಂದಾಗದ ಕೆಲಸ. ಮುಂದಿನ ವರ್ಷ ರಾತ್ರಿ ಮೂರರಿಂದ ಬೆಳಿಗ್ಗೆ ಆರರವರೆಗೆ ಕೌಂಟರಿನಲ್ಲಿ ಕೂರುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಅಜ್ಜಿ ಹೇಳುವ ಪ್ರಕಾರ ಆ ಹೊತ್ತಿನಲ್ಲಿ ಎಚ್ಚರ ಇರುವವರೇ ಕೈ ಬಿಚ್ಚಿ ಕೊಡುವವರಂತೆ.