ಎಂಜಿನಿಯರಿಂಗ್ ಶಾಖೆಗಳು: ಯಾವ ಬಾಗಿಲು ಎತ್ತ ತೆರೆಯುತ್ತದೆ

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಶಾಖೆಗಳನ್ನು ಆದ್ಯತೆಯಂತೆ ನಮೂದಿಸುವುದು) ಶುರುವಾದೊಡನೆ ಪರಿಚಿತರ ಮನೆಗಳಿಂದ ನನಗೆ ಬರುವ ಪ್ರಶ್ನೆ ಒಂದೇ: ‘ಯಾವ ಬ್ರ್ಯಾಂಚಿಗೆ ಸ್ಕೋಪ್ ಇದೆ?’ ಇಲ್ಲಿ ಸ್ಕೋಪ್ ಎಂದರೆ ಕ್ಯಾಂಪಸ್ ಸಂದರ್ಶನದಲ್ಲಿ ಸಿಗಬಹುದಾದ ಮೊದಲ ಸಂಬಳ. ಅದು ಕೇಳಬಾರದ ಪ್ರಶ್ನೆಯೇನಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ಮನೆಗೆ ಮೊದಲ ಸಂಬಳವೇ ದೊಡ್ಡದು. ಆದರೆ ಕೆಲಸ ಕೊಡುವವರು ಯಾರು, ಆ ಕೆಲಸ ಯಾವ ಊರಿನಲ್ಲಿರುತ್ತದೆ, ಹತ್ತು ವರ್ಷದ ಅನುಭವಕ್ಕೆ ಬೆಲೆ ಏರುತ್ತದೆಯೋ ಇಳಿಯುತ್ತದೆಯೋ, ಬೇಡವೆನಿಸಿದರೆ ಬೇರೆ ಕ್ಷೇತ್ರಕ್ಕೆ ದಾಟಲು ಆಗುತ್ತದೆಯೋ ಇಲ್ಲವೋ ಎಂಬುದನ್ನೂ ಜೊತೆಗಿಟ್ಟು ನೋಡದೆ ಶಾಖೆಗಳನ್ನು ಹೋಲಿಸುವುದು ಅರ್ಧ ಹೋಲಿಕೆಯಷ್ಟೇ.

ಸಿವಿಲ್ ಶಾಖೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂದು ಅತ್ಯಂತ ಅಗ್ಗವಾಗಿ ಸಿಗುವ ಸೀಟು ಅದೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದ ಕಾಲದಲ್ಲಿ ಸಿವಿಲ್ ಎಂಜಿನಿಯರಿಗೆ ಮುಖ್ಯ ಉದ್ಯೋಗದಾತ ಸರ್ಕಾರವೇ ಆಗಿತ್ತು. ಇಂದಿಗೂ ಲೋಕೋಪಯೋಗಿ, ಜಲಸಂಪನ್ಮೂಲ, ಪಂಚಾಯತ್ ರಾಜ್ ಇಲಾಖೆಗಳ ಹುದ್ದೆಗಳಿಗಾಗಿ ವರ್ಷಗಟ್ಟಲೆ ಓದುತ್ತಾ ಕೂರುವವರಲ್ಲಿ ಸಿವಿಲ್‌ನವರೇ ಹೆಚ್ಚು. ಅಧಿಸೂಚನೆ ಯಾವಾಗ ಬರುತ್ತದೆಂಬುದು ಯಾರಿಗೂ ತಿಳಿಯದು, ಬಂದರೂ ಪರೀಕ್ಷೆ, ತಡೆಯಾಜ್ಞೆ, ಆಯ್ಕೆಪಟ್ಟಿ ಎಂದು ಕಾಲ ಸರಿಯುತ್ತದೆ. ಖಾಸಗಿಯಲ್ಲಿ ಸೈಟ್ ಎಂಜಿನಿಯರಾಗಿ ಸೇರಿದವನ ಮೊದಲ ಸಂಬಳ ಸಹಪಾಠಿಗಳ ಮುಂದೆ ಹೇಳಿಕೊಳ್ಳುವಂತಿರುವುದಿಲ್ಲ. ಆದರೆ ಸ್ಟ್ರಕ್ಚರಲ್ ಡಿಸೈನ್, ಪ್ಲಾನಿಂಗ್, ಗುತ್ತಿಗೆ ಕರಾರುಗಳ ನಿರ್ವಹಣೆ ಇವುಗಳಲ್ಲಿ ಕೈ ಪಳಗಿದವನ ಅನುಭವ ಬೇಗ ಹಳತಾಗುವುದಿಲ್ಲ. ಮೆಟ್ರೊ ಸುರಂಗದಲ್ಲಿ ಅಥವಾ ಹೆದ್ದಾರಿಯಲ್ಲಿ ಕಳೆದ ಹತ್ತು ವರ್ಷ ಮುಂದಿನ ಯೋಜನೆಯಲ್ಲಿಯೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಊರೂರು ಅಲೆಯುವುದು. ನದಿ ಇರುವಲ್ಲಿ ಅಣೆಕಟ್ಟು, ಹಾಗಾಗಿ ಸಂಸಾರವೂ ಅಲ್ಲಿಗೇ.

ಎಲೆಕ್ಟ್ರಿಕಲ್ ಬಗ್ಗೆ ನನ್ನ ಮಾತನ್ನು ಸ್ವಲ್ಪ ಕಳೆದು ಓದಿ, ಅದು ನಾನೇ ಓದಿದ ಶಾಖೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ ಹರಿದ ನಾಡು ನಮ್ಮದು. 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಸೌರ ಪಾರ್ಕ್ ಕೂಡ ನಮ್ಮಲ್ಲೇ ಇದೆ. ಸೌರ ಫಲಕಗಳನ್ನು ನಿಲ್ಲಿಸಿದ ಮೇಲೆ ಅಲ್ಲಿ ಹೆಚ್ಚು ಎಂಜಿನಿಯರುಗಳು ಬೇಕಾಗುವುದಿಲ್ಲ ಎಂಬುದು ನಿಜ. ಆದರೆ ಮೋಡ ಕವಿದಾಗ ಕುಸಿಯುವ, ಸಂಜೆಯಾದೊಡನೆ ನಿಂತೇ ಹೋಗುವ ಈ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದಿಸಲು ಸಬ್‌ಸ್ಟೇಷನ್, ಪ್ರೊಟೆಕ್ಷನ್, ಬ್ಯಾಟರಿ ಸಂಗ್ರಹಣೆ, ಉತ್ಪಾದನೆಯ ಮುನ್ಸೂಚನೆ ಎಲ್ಲ ಕಡೆಯೂ ಬಲ್ಲವರು ಬೇಕು. ರಾಜ್ಯದ ವಿದ್ಯುತ್ ಪ್ರಸರಣ, ವಿತರಣೆ ನೋಡಿಕೊಳ್ಳುವ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಲ್ಲದೆ, ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕಗಳ ಮೇಲೆ ಆಯ್ಕೆ ಮಾಡಿಕೊಳ್ಳುವ ಕೇಂದ್ರದ ಉದ್ದಿಮೆಗಳಿಗೂ ಈ ಶಾಖೆಯಿಂದ ನೇರ ದಾರಿಯಿದೆ. ಕಟ್‌ಆಫ್ ರ್ಯಾಂಕ್ ನೋಡಿದರೆ, ಇದರ ನಿಜವಾದ ಬೆಲೆಗೂ ಪೋಷಕರು ಕಟ್ಟುವ ಬೆಲೆಗೂ ಇಷ್ಟು ಅಂತರವಿರುವ ಶಾಖೆ ಇನ್ನೊಂದಿಲ್ಲ ಎನಿಸುತ್ತದೆ.

ಮೆಕ್ಯಾನಿಕಲ್‌ಗೆ ಒಂದು ಕಾಲದಲ್ಲಿ ಇದ್ದ ಗೌರವ ಎಚ್‌ಎಎಲ್, ಎಚ್‌ಎಂಟಿಗಳ ಬೆಂಗಳೂರಿನದು. ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಆ ಕಾಲ ಅಧಿಕೃತವಾಗಿಯೂ ಮುಗಿಯಿತು. ವಿದ್ಯುತ್ ವಾಹನ ಬಂದು ಎಂಜಿನ್, ಗೇರ್‌ಬಾಕ್ಸ್‌ಗಳ ಕೆಲಸ ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ತಂಪಾಗಿಡುವ ಕೆಲಸ ಮಾತ್ರ ಮೆಕ್ಯಾನಿಕಲ್‌ನವರದೇ.

ಎಲೆಕ್ಟ್ರಾನಿಕ್ಸ್ ವಿಚಿತ್ರ ಸ್ಥಿತಿಯಲ್ಲಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಚಿಪ್ ವಿನ್ಯಾಸದ ಕೆಲಸ ಇಲ್ಲಿ ಬೆಳೆಯುತ್ತಲೇ ಇದ್ದರೂ, ಬಿಇ ಮುಗಿಸಿದ ಬಹಳಷ್ಟು ಇಸಿ ವಿದ್ಯಾರ್ಥಿಗಳು ಸೇರುವುದು ಸಾಫ್ಟ್‌ವೇರಿಗೆ. ಚಿಪ್ ವೆರಿಫಿಕೇಷನ್ನಿಗೋ (ವಿನ್ಯಾಸ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ) ವಿನ್ಯಾಸಕ್ಕೋ ಹೋಗಬೇಕೆನ್ನುವವರು ಎಂಟೆಕ್ ಅಥವಾ ಅದಕ್ಕೆ ಸಮನಾದ ತರಬೇತಿಯ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಂಪ್ಯೂಟರ್ ಸೈನ್ಸ್. ಬೇಗ ಕೈಸೇರುವ ಸಂಬಳ, ಇದ್ದ ಊರಿನಲ್ಲೇ ಕಂಪನಿ ಬದಲಿಸುವ ಅನುಕೂಲ, ಹೊರದೇಶಕ್ಕೆ ಹೋಗುವ ಅವಕಾಶ ಇವುಗಳನ್ನು ಬೇರೆ ಯಾವ ಶಾಖೆಯೂ ಈ ಪ್ರಮಾಣದಲ್ಲಿ ಕೊಡಲಾರದು. ಆದರೆ ಈ ವರ್ಷದ ಬೇಡಿಕೆ ನೋಡಿ ಸೇರುವವನು ಪದವಿ ಮುಗಿಸಿ ಹೊರಬರುವುದು ನಾಲ್ಕು ವರ್ಷಗಳ ನಂತರ. 2001, 2008 ಮತ್ತು 2022ರ ನಂತರದ ಇಳಿತಗಳಲ್ಲಿ ಮೊದಲು ಪೆಟ್ಟು ತಿಂದವರು ಹೊಸಬರೇ. ಈಗ 2024–25ರಿಂದ ಉತ್ತಮ ಕಾಲೇಜುಗಳಿಗೆ ಸೀಟುಗಳ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಮಂಡಳಿಯಾದ ಎಐಸಿಟಿಇ ತೆಗೆದಿರುವುದರಿಂದ ಸ್ಪರ್ಧಿಗಳ ಸಂಖ್ಯೆ ಕಡಿಮೆಯಾಗುವ ಸಂಭವವಿಲ್ಲ. ಹೊಸಬರಿಗೆಂದೇ ಮೀಸಲಾಗಿದ್ದ ಸರಳ ಕೋಡಿಂಗ್ ಕೆಲಸವನ್ನು ಎಐ ಸಾಧನಗಳು ಮಾಡತೊಡಗಿವೆ.

ಪೋಷಕರು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಸಾಫ್ಟ್‌ವೇರಿನ ಬಾಗಿಲು ಒಂದೇ ಕಡೆಗೆ ತೆರೆಯುವಂಥದ್ದು. ದೊಡ್ಡ ಪ್ರಮಾಣದಲ್ಲಿ ನೇಮಿಸಿಕೊಳ್ಳುವ ಐಟಿ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಎನ್ನದೆ ಎಲ್ಲರನ್ನೂ ತೆಗೆದುಕೊಳ್ಳುತ್ತವೆ. ಆದರೆ ಕಂಪ್ಯೂಟರ್ ಸೈನ್ಸ್ ಪದವೀಧರ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಆಗಲಾರ. ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸೇವಾ ಪರೀಕ್ಷೆ ಇರುವುದೇ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಷನ್ ಎಂಬ ನಾಲ್ಕು ವಿಭಾಗಗಳಲ್ಲಿ. ಹಾಗೆಂದು ಸಾಫ್ಟ್‌ವೇರೇ ಗುರಿಯೆಂದು ಮೊದಲೇ ನಿರ್ಧರಿಸಿದವರು ಸಿವಿಲ್ ಸೇರಿ ಸರ್ವೇಯಿಂಗ್, ಮಣ್ಣಿನ ಪರೀಕ್ಷೆಗಳಲ್ಲಿ ನಾಲ್ಕು ವರ್ಷ ಕಳೆಯುವುದು ಜಾಣತನವಲ್ಲ. ತಮ್ಮದೇ ಸಾಫ್ಟ್‌ವೇರ್ ರೂಪಿಸುವ ಒಳ್ಳೆಯ ಪ್ರಾಡಕ್ಟ್ ಕಂಪನಿಗಳಲ್ಲಿ ಹಲವು ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್‌ನವರ ಹೊರತು ಬೇರೆಯವರನ್ನು ಸಂದರ್ಶನಕ್ಕೇ ಕರೆಯುವುದಿಲ್ಲ.

ಎಐ ಮತ್ತು ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಹೊಸ ಹೆಸರುಗಳ ಬಗ್ಗೆ ಕೇಳುವವರಿಗೆ ನಾನು ಹೇಳುವುದಿಷ್ಟು: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮ ಅದರ ಜಾಲತಾಣದಲ್ಲೇ ಇದೆ, ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರಿನ ವಿಷಯಗಳನ್ನು ಕಂಪ್ಯೂಟರ್ ಸೈನ್ಸ್ ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಒಂದೇ. ಆ ಹೆಸರಿಗಾಗಿ, ಪಾಠ ಮಾಡಲು ಅಧ್ಯಾಪಕರೇ ಇಲ್ಲದ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಲಕ್ಷಗಳನ್ನು ಸುರಿಯುವುದಕ್ಕಿಂತ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಸೀಟನ್ನು ಆಪ್ಷನ್ ಪಟ್ಟಿಯಲ್ಲಿ ಮೇಲಕ್ಕೆ ತರುವುದು ಲೇಸು.