ನಾ ರೊಕ್ಕ ಕೊಟ್ಟದ್ದು ನಿಮಗ್ರೀ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸ್ ಇದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಾಗಿಲಿಗೆ ಬಂದವರೆಲ್ಲ ಕೇಳುವುದು ಮಡಿಕೇರಿ, ಇಲ್ಲ ಊಟಿ. ಆದರೆ ಆ ಸೀಸನ್ನಿನಲ್ಲಿ ಒಳ್ಳೆ ರೆಸಾರ್ಟಿನ ರೇಟು ಸಾಮಾನ್ಯ ಸಂಸಾರಸ್ಥರ ಕೈಗೆ ಎಟಕುವುದಿಲ್ಲ. ಅದಕ್ಕೇ ನಾನು ಟೈಮ್‌ಶೇರ್ ಬುಕಿಂಗ್ ಶುರು ಮಾಡಿದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೆಸಾರ್ಟ್ ನಡೆಸುವ ಕ್ಲಬ್ಬಿಗೆ ಒಮ್ಮೆ ದೊಡ್ಡ ಮೊತ್ತ ಕಟ್ಟಿ ಮೆಂಬರ್ ಆದವರಿಗೆ ವರ್ಷಕ್ಕೆ ಇಷ್ಟು ರಾತ್ರಿ ಅಂತ ರೆಸಾರ್ಟಿನಲ್ಲಿ ರೂಮು ಸಿಗುತ್ತದೆ. ಎಷ್ಟೋ ಕಡೆ ಅದು 7 ರಾತ್ರಿ, 25 ವರ್ಷದ ಲೆಕ್ಕ. ಇದರ ಮೇಲೆ ವರ್ಷಾವರ್ಷ ಮೇಂಟೆನೆನ್ಸ್ ಫೀಸು ಬೇರೆ. ತಾವು ಹೋಗಲಾಗದ ವರ್ಷ ಕೆಲವರು ಆ ರಾತ್ರಿಗಳನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ಬಿಡುತ್ತಾರೆ. ಸಸ್ತಾ ಬೀಳುತ್ತದೆ.

ಆ ವರ್ಷ ಬಂದವರು ಒಬ್ಬ ರಿಟೈರ್ಡ್ ಮಾಸ್ತರರು. ಮನೆಮಂದಿ ಆರು ಜನ, ಅವರಲ್ಲಿ ಒಬ್ಬರು ಮೊಣಕಾಲು ನೋವಿನ ತಾಯಿ. ಮಡಿಕೇರಿಯಲ್ಲಿ 3 ರಾತ್ರಿ ಬೇಕಿತ್ತು. ಆನ್‌ಲೈನ್‌ನಲ್ಲಿ ಒಬ್ಬ ಓನರ್, ಅಂದರೆ ಹೀಗೆ ರಾತ್ರಿ ಬಾಡಿಗೆಗೆ ಬಿಡುವ ಮೆಂಬರ್, ಸಿಕ್ಕರು. ಮಾತು ಚೆನ್ನಾಗಿತ್ತು, ಮೆಂಬರ್‌ಶಿಪ್ ಕಾರ್ಡಿನ ಫೋಟೋ ಕಳಿಸಿದರು, 18,000 ರೂಪಾಯಿಗೆ ಒಪ್ಪಿದೆವು. ಪೂರ್ತಿ ಹಣ ಒಂದೇ ಸಲ ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ ವೋಚರ್ ಬಂತು. ಅದನ್ನು ಹಾಗೇ ಮಾಸ್ತರರಿಗೆ ಫಾರ್ವರ್ಡ್ ಮಾಡಿದೆ. ಸರಿಯಾಗಿ ಓದಲೂ ಇಲ್ಲ.

ರಾತ್ರಿ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಕಾರು. ಮಧ್ಯಾಹ್ನ ಮೂರಕ್ಕೆ ರೆಸಾರ್ಟಿನಿಂದ ಮಾಸ್ತರರ ಫೋನ್ ಬಂತು. 'ಏನ್ರೀ, ಈ ಬುಕಿಂಗ್ ಕ್ಯಾನ್ಸಲ್ ಆಗ್ಯಾದ ಅಂತ ಹೇಳ್ಲಿಕತ್ತಾರ. ಅವ್ವ ಇಲ್ಲೇ ಸೋಫಾದ ಮ್ಯಾಲೆ ಕುಂತಾಳ.' ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

ಓನರಿಗೆ ಫೋನ್ ಹಚ್ಚಿದೆ. ಅವರು ಕಳ್ಳರಲ್ಲ, ನಿಜವಾದ ಮೆಂಬರ್ರೇ. ಆದರೆ ಆ ವರ್ಷದ ಫೀಸು ಬಾಕಿ ಇತ್ತು, ಅದಕ್ಕೆ ಕ್ಲಬ್ಬಿನವರು ಬುಕಿಂಗ್ ತೆಗೆದಿದ್ದರು. ಹಾಗಂತ ಬಂದ ಮೇಲ್ ಅವರು ನೋಡೇ ಇರಲಿಲ್ಲವಂತೆ. ನಾನು ಮಾಸ್ತರರಿಗೆ ಹೇಳಲು ಹೋದೆ, 'ಸರ್, ತಪ್ಪು ಓನರ್‌ದು...' ಅವರು ಸಿಟ್ಟು ಮಾಡಲಿಲ್ಲ. 'ಆ ಮನುಷ್ಯ ಯಾರೋ ನನಗ ಗೊತ್ತಿಲ್ಲ. ನಾ ರೊಕ್ಕ ಕೊಟ್ಟದ್ದು ನಿಮಗ್ರೀ' ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ನಮ್ಮ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ ನೋಡಿ, ರೈತ ತೊಗರಿ ಚೀಲ ಇಳಿಸುವುದು ಅಡತಿ ಅಂಗಡಿಯಲ್ಲಿ, ಅಂದರೆ ಕಮಿಷನ್ ದಲ್ಲಾಳಿಯ ಹತ್ತಿರ. ಖರೀದಿದಾರ ಯಾವ ಊರಿನವನೋ ರೈತನಿಗೆ ಗೊತ್ತಿರುವುದಿಲ್ಲ. ದುಡ್ಡು ತಡವಾದರೆ ಅವನು ಬಂದು ಕೂರುವುದು ಅಡತಿಯವರ ಗಾದಿ ಮುಂದೆ. ನಾನೂ ಕಮಿಷನ್ ತಗೊಂಡಿದ್ದೆ. ಅಂದಮೇಲೆ ನಾನೂ ಅದೇ ಗಾದಿ ಮೇಲೆ ಕೂತವನು, ಅಲ್ವಾ?

ಸಂಜೆ ಆರರ ಒಳಗೆ ಬೇರೆ ಹೋಟೆಲಿನಲ್ಲಿ ಎರಡು ರೂಮು ಹಿಡಿದುಕೊಟ್ಟೆ. ಜಾಸ್ತಿ ಬಿದ್ದ 11,000 ನನ್ನ ಕೈಯಿಂದ ಹೋಯಿತು. ಓನರ್ 18,000 ವಾಪಸ್ ಕೊಟ್ಟರು, ಆದರೆ ಎರಡು ಕಂತಿನಲ್ಲಿ, ಒಂದು ತಿಂಗಳು ಬೆನ್ನು ಹತ್ತಿದ ಮೇಲೆ. ಕ್ಯಾನ್ಸಲ್ ಆದರೆ ಯಾರು ಎಷ್ಟು ಕೊಡಬೇಕು ಅಂತ ನಾವು ಒಂದು ಸಾಲೂ ಬರೆದುಕೊಂಡಿರಲಿಲ್ಲ. ಜಗಳ ಮಾಡಲೂ ನನ್ನ ಕೈಯಲ್ಲಿ ಕಾಗದ ಇರಲಿಲ್ಲ.

ಆಮೇಲೆ ಆ ವೋಚರ್ ತೆಗೆದು ನಿಧಾನಕ್ಕೆ ಓದಿದೆ. ಗೆಸ್ಟ್ ಅನ್ನುವ ಜಾಗದಲ್ಲಿ ಮಾಸ್ತರರ ಹೆಸರೇ ಇಲ್ಲ, ಓನರ್ ಹೆಸರಿದೆ. ಬುಕಿಂಗ್ ಉಳಿದಿದ್ದರೂ ಐಡಿ ಕೇಳಿದಾಗ ಕೌಂಟರಿನಲ್ಲಿ ಸಿಕ್ಕಿಬೀಳುತ್ತಿದ್ದರು. ಕಣ್ಣೆದುರೇ ಇತ್ತು, ನೋಡಿರಲಿಲ್ಲ.

ಈಗ ಹಣ ಹಾಕುವ ಮುಂಚೆ ರೆಸಾರ್ಟಿಗೆ ನಾನೇ ಫೋನ್ ಮಾಡುತ್ತೇನೆ. ಓನರ್ ಕೊಟ್ಟ ನಂಬರಿಗಲ್ಲ, ರೆಸಾರ್ಟಿನ ಸ್ವಂತ ವೆಬ್‌ಸೈಟಿನಲ್ಲಿ ಇರುವ ನಂಬರಿಗೆ. ಬುಕಿಂಗ್ ನಂಬರ್ ಹೇಳಿ ಗೆಸ್ಟ್ ಹೆಸರು ಕೇಳುತ್ತೇನೆ. ಹೊರಡುವ ಮೂರು ದಿನ ಮುಂಚೆ ಮತ್ತೆ ಕೇಳುತ್ತೇನೆ. ಮೆಂಬರ್ ಅಲ್ಲದವರಿಗೆ ಬಾಡಿಗೆಗೆ ಕೊಡಲು ಕ್ಲಬ್ಬು ಬಿಡುತ್ತದಾ ಅನ್ನುವುದನ್ನೂ ಓನರಿಂದ ಬರವಣಿಗೆಯಲ್ಲೇ ತಗೊಳ್ಳುತ್ತೇನೆ, ಯಾಕಂದರೆ ಎಲ್ಲ ಕಡೆ ಒಂದೇ ನಿಯಮ ಇರುವುದಿಲ್ಲ. ಫೀಸು ಕಟ್ಟಿದ ರಸೀದಿ ಬೇಕೇ ಬೇಕು. ಅರ್ಧ ಹಣ ಮೊದಲು, ಉಳಿದದ್ದು ರೂಮಿನ ಕೀಲಿ ಕೈಗೆ ಬಂದ ಮೇಲೆ. ಇದಕ್ಕೆ ಒಪ್ಪದ ಓನರ್‌ಗಳನ್ನು ಬಿಟ್ಟಿದ್ದೇನೆ, ಅವರಲ್ಲಿ ಒಳ್ಳೆಯವರೂ ಇದ್ದಿರಬಹುದು. ಯುಪಿಐನಲ್ಲಿ ಕಾಣುವ ಹೆಸರು ವೋಚರಿನ ಮೆಂಬರ್ ಹೆಸರಿಗೆ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಪಕ್ಕಾ ಮೋಸ ಅಂತ ಗೊತ್ತಾದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಮುಂದಿನ ಖಾತೆಗೆ ಜಾರುತ್ತದೆ.

ಮುಂದಿನ ವರ್ಷ ಮಾಸ್ತರರು ಮತ್ತೆ ಬಂದರು. ನಾನು ಅಂದುಕೊಂಡಿರಲಿಲ್ಲ. 'ಈ ಸಲ ಯಾರ ಹೆಸರಿನ್ಯಾಗ ಅದ?' ಅಂತ ಕೇಳಿದರು. ಅವರನ್ನು ಎದುರಿಗೆ ಕೂರಿಸಿಕೊಂಡು, ಫೋನ್ ಸ್ಪೀಕರಿಗೆ ಹಾಕಿ ರೆಸಾರ್ಟಿಗೆ ಹಚ್ಚಿದೆ. ಆ ಕಡೆಯ ಹುಡುಗಿ ಅವರ ಹೆಸರು, ತಾರೀಖು, ಆರು ಜನ ಅಂತ ಓದಿ ಹೇಳಿದಳು. ಮಾಸ್ತರರು ತಡೆದು, 'ತಂಗೀ, ಕೆಳಗಿನ ರೂಮೇ ಅಲ್ಲಾ? ಅವ್ವಗ ಮೆಟ್ಟಿಲು ಹತ್ತಲಿಕ್ಕ ಆಗಂಗಿಲ್ಲ' ಅಂದರು. ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವತ್ತಿನಿಂದ ನನ್ನ ಡೈರಿಯಲ್ಲಿ ಅದೂ ಸೇರಿದೆ.