ನ್ಯಾನೊವೈರ್‌ನಲ್ಲಿ ಇಂಡಿಯಂ ಎಷ್ಟಿದೆ?

ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ನ್ಯಾನೊವೈರ್, ಅಂದರೆ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ತಂತಿ, ಬೆಳೆಸಿದ ಮೇಲೆ ಮೊದಲ ಪ್ರಶ್ನೆ ಇದೇ. ಬ್ಯಾಂಡ್‌ಗ್ಯಾಪ್ (ವಸ್ತು ಯಾವ ಬೆಳಕನ್ನು ಹೀರುತ್ತದೆ, ಸೂಸುತ್ತದೆ ಎಂದು ನಿರ್ಧರಿಸುವ ಶಕ್ತಿಯ ಅಂತರ) ಅದರ ಮೇಲೆಯೇ ನಿಂತಿದೆ, ಸುಮ್ನೆ ಅಂದಾಜು ಹೇಳಿದರೆ ಆಗುವುದಿಲ್ಲ.

ಒಂದು ದಾರಿ ಎಕ್ಸ್‌ರೇ ಡಿಫ್ರಾಕ್ಷನ್, ಅಂದರೆ ಹರಳಿನಿಂದ ಎಕ್ಸ್‌ರೇ ಚದುರುವ ಕೋನ ನೋಡಿ ಪರಮಾಣುಗಳ ಅಂತರ ಅಳೆಯುವುದು. ಕ್ಯೂಬಿಕ್ ಗ್ಯಾಲಿಯಂ ಆರ್ಸೆನೈಡ್‌ನ ಲ್ಯಾಟಿಸ್ ಅಳತೆ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪರಮಾಣು ಜೋಡಣೆಯ ಒಂದು ಬದಿಯ ಉದ್ದ) 5.653 ಆಂಗ್‌ಸ್ಟ್ರಮ್ (ನ್ಯಾನೊಮೀಟರ್‌ನ ಹತ್ತನೇ ಒಂದು ಭಾಗ), ಇಂಡಿಯಂ ಆರ್ಸೆನೈಡ್‌ನದು 6.058. ವೆಗಾರ್ಡ್ ನಿಯಮದ ಪ್ರಕಾರ ಮಿಶ್ರಣದ ಅಳತೆ ಇವೆರಡರ ನಡುವೆ ನೇರ ಗೆರೆಯಲ್ಲಿ ಬರುತ್ತದೆ. 5.856 ಸಿಕ್ಕರೆ ಇಂಡಿಯಂ, ಗ್ಯಾಲಿಯಂ ಅರ್ಧಕ್ಕರ್ಧ. ಸುಲಭ, ಅಲ್ವಾ? ಆದರೆ ಒಳಗೆ ಒಂದು ವಸ್ತು, ಹೊರಗೆ ಇನ್ನೊಂದರ ಪದರ ಇರುವ ವೈರ್‌ನಲ್ಲಿ ಎರಡೂ ಒಂದನ್ನೊಂದು ಎಳೆಯುತ್ತವೆ, ಹೊರಪದರದ ಲ್ಯಾಟಿಸ್ ದೊಡ್ಡದಾಗಿದ್ದರೆ ಅದು ಉದ್ದಕ್ಕೆ ಕುಗ್ಗಿ ಅಡ್ಡಕ್ಕೆ ಹಿಗ್ಗುತ್ತದೆ, ಆಗ ಒಂದೇ ದಿಕ್ಕಿನ ಅಳತೆ ನಂಬಿದರೆ ಇಂಡಿಯಂ ಪ್ರಮಾಣ ತಪ್ಪಾಗಿ ಬರುತ್ತದೆ. ಉದ್ದ, ಅಡ್ಡ ಎರಡನ್ನೂ ಅಳೆಯಲೇಬೇಕು.

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಲ್ಲೇ ವೈರ್‌ನಿಂದ ಹೊರಡುವ ಎಕ್ಸ್‌ರೇ ಹಿಡಿಯುವುದು, ಅಂದರೆ ಇಡಿಎಕ್ಸ್. ಪ್ರತಿ ಧಾತು ತನ್ನದೇ ಶಕ್ತಿಯ ಎಕ್ಸ್‌ರೇ ಬಿಡುತ್ತದೆ, ಅದಕ್ಕೆ ಗೆರೆ ಎನ್ನುತ್ತಾರೆ. ಗ್ಯಾಲಿಯಂನ ಗೆರೆ 9.25 ಕೆಇವಿ (ಕಿಲೊ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಹತ್ತಿರ, ಇಂಡಿಯಂನದು 3.29 ಹತ್ತಿರ, ಬೆರೆಯುವ ಭಯವಿಲ್ಲ. ತೊಂದರೆ ಎಂದರೆ ವೈರ್ ತೀರಾ ತೆಳು, ಸಿಗ್ನಲ್ ಕಡಿಮೆ. ಒಂದು ಗೆರೆಯಲ್ಲಿ 100 ಎಣಿಕೆ ಬಂದರೆ ಶೇ. 10ರಷ್ಟು ಅನಿಶ್ಚಿತತೆ, ಅದು ಶೇ. 1ಕ್ಕೆ ಇಳಿಯಲು 10,000 ಬೇಕು. ಹೆಚ್ಚು ಹೊತ್ತು ಕಾಯ್ದರೆ ಸ್ಯಾಂಪಲ್ ಸರಿಯುತ್ತದೆ, ಕಿರಣ ಬಿದ್ದ ಜಾಗ ಹಾಳೂ ಆಗಬಹುದು. ಜೊತೆಗೆ ನಡುವೆ ಬಿದ್ದ ಕಿರಣ ಹೊರಪದರವನ್ನೂ ದಾಟಿಯೇ ಹೋಗುತ್ತದೆ, ಹಾಗಾಗಿ ಒಳಭಾಗದ್ದು ಮಾತ್ರ ಬೇಕಿದ್ದರೆ ವೈರನ್ನು ಅಡ್ಡಲಾಗಿ ಕತ್ತರಿಸಿ ನೋಡುವುದೇ ಒಳ್ಳೆಯದು.